ಮೂಲೆಯಲ್ಲಿ ಯಾರು ನಿಲ್ಲಬೇಕು?

ಮರಾಠಿ ಪತ್ರಿಕೆಗಳ ಕಬಡ್ಡಿ ವರದಿಗಳಲ್ಲಿ ರೈಡಿಗೆ ‘ಚಢಾಯಿ’, ಹಿಡಿತಕ್ಕೆ ‘ಪಕಡ್’ ಎನ್ನುತ್ತಾರೆ. ಕಾರ್ನರ್‌ನಲ್ಲಿ ನಿಲ್ಲುವವನು ‘ಕೋಪರಾ ರಕ್ಷಕ’, ಅಂದರೆ ಮೂಲೆ ಕಾಯುವವನು. ನಾಸಿಕ್‌ನಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ ಕಬಡ್ಡಿ ಕಲಿಯುವ ಹುಡುಗ ಈ ಮಾತುಗಳ ನಡುವೆಯೇ ಬೆಳೆಯುತ್ತಾನೆ. ದೊಡ್ಡ ಲೀಗಿನ ಆಟ ನೋಡಬೇಕಾದರೆ ಅವನು ಬೇರೆ ಊರಿಗೆ ಹೋಗಬೇಕು, ಇಲ್ಲವೇ ಟಿವಿ ಮುಂದೆ ಕೂರಬೇಕು. ಅಲ್ಲಿ ಅವನಿಗೊಬ್ಬ ಊರಿನವನು ಕಾಣುತ್ತಾನೆ. ನಾಸಿಕ್‌ನ ಆಕಾಶ್ ಶಿಂಧೆ ಪುಣೇರಿ ಪಲ್ಟನ್‌ನಲ್ಲಿ ಆಡಿ, 2025ರಲ್ಲಿ ಬೆಂಗಳೂರು ಬುಲ್ಸ್ ಸೇರಿದರು.

ಆದರೆ ಆಕಾಶ್ ರೈಡರ್. ಹೊಸ ರೈಡರ್‌ಗೆ ಅವಕಾಶ ಕೊಡಲು ಕೋಚ್‌ಗಳು ಅಷ್ಟಾಗಿ ಹೆದರುವುದಿಲ್ಲ. ಒಬ್ಬನ ರೈಡು ಬರಿದಾದರೆ ಮುಂದಿನ ರೈಡಿಗೆ ಇನ್ನೊಬ್ಬನನ್ನು ಕಳಿಸಬಹುದು. ಮೂಲೆಯ ಹುಡುಗನಿಗೆ ಈ ಸೌಲಭ್ಯವಿಲ್ಲ. ಎದುರಾಳಿಯ ಪ್ರತಿ ರೈಡಿನಲ್ಲೂ ಅವನು ಪರೀಕ್ಷೆಗೆ ಕೂರಲೇಬೇಕು. ಹಾಗಾದರೆ ಹೊಸಬನನ್ನು ಮೊದಲ ಏಳರಲ್ಲೇ ಮೂಲೆಗೆ ನಿಲ್ಲಿಸಬೇಕೇ, ಅಥವಾ ಅನುಭವಿಯನ್ನೇ ನೆಚ್ಚಿಕೊಳ್ಳಬೇಕೇ?

ಅನುಭವಿಯ ಪರವಾದ ವಾದ ಹಗುರವಾದದ್ದಲ್ಲ. ಮೂಲೆಯವನ ಕೆಲಸದಲ್ಲಿ ಹಿಡಿಯುವುದಕ್ಕಿಂತ ಕಾಯುವುದೇ ಹೆಚ್ಚು. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚಿದಂತೆ ಮಾಡಿ ಅವನನ್ನು ಕೆಣಕುತ್ತಾನೆ. ಹೊಸಬ ಆಸೆಗೆ ಬಿದ್ದು ಕಣಕಾಲಿಗೆ ಹಾರಿದರೆ ಅವನು ಔಟ್. ಬೆಂಬಲಕ್ಕೆ ಬಂದ ಕವರ್ ಆಟಗಾರನೂ ಜೊತೆಗೆ ಔಟಾಗಬಹುದು. ಔಟಾದವನ ಜಾಗಕ್ಕೆ ಬದಲಿ ಆಟಗಾರನನ್ನು ಇಳಿಸುವಂತಿಲ್ಲ. ಹೀಗೆ ಎರಡು ಆತುರದ ಹಿಡಿತಗಳು ಸಾಕು, ತಂಡ ಆಲೌಟಿನ ಅಂಚಿಗೆ ಬಂದು ನಿಲ್ಲುತ್ತದೆ. ಅನುಭವಿಯಾದರೋ ಮೂವತ್ತು ಸೆಕೆಂಡು ಸುಮ್ಮನೆ ನಿಂತು ರೈಡನ್ನು ಬರಿದಾಗಿಸುತ್ತಾನೆ. ಅಂತಹ ಎರಡು ಬರಿದಾದರೆ ಮೂರನೆಯದು ಡೂ ಆರ್ ಡೈ. ಆ ಸುಮ್ಮನೆ ನಿಂತದ್ದಕ್ಕೆ ಅಂಕಪಟ್ಟಿಯಲ್ಲಿ ಯಾರ ಹೆಸರೂ ಬರುವುದಿಲ್ಲ.

2025ರ ಅಕ್ಟೋಬರ್ 31ರಂದು ದೆಹಲಿಯಲ್ಲಿ ನಡೆದ ಫೈನಲ್ ಈ ವಾದಕ್ಕೆ ಸಾಕ್ಷಿ. ದಬಾಂಗ್ ದೆಲ್ಲಿ 31-28ರಿಂದ ಪುಣೇರಿ ಪಲ್ಟನ್ ತಂಡವನ್ನು ಸೋಲಿಸಿತು. ಕೊನೆಯ ಗಳಿಗೆಯ ನಿರ್ಣಾಯಕ ಹಿಡಿತ ಮೂವತ್ತು ದಾಟಿದ ಇರಾನಿನ ಫಜಲ್ ಅತ್ರಾಚಲಿಯದ್ದು. ಹತ್ತು ವರ್ಷ ಇದೇ ಲೀಗಿನಲ್ಲಿ ಎಡಮೂಲೆ ಕಾಯ್ದವನ ಹಿಡಿತ ಅದು.

ಇಷ್ಟಕ್ಕೇ ಮುಗಿದಿದ್ದರೆ ಉತ್ತರ ಸುಲಭವಿತ್ತು. ಆದರೆ 2021-22ರ ಆವೃತ್ತಿಯಲ್ಲಿ ಪಟ್ನಾ ಪೈರೇಟ್ಸ್ ಪರ ಮೊದಲ ಸಲ ಲೀಗಿಗೆ ಬಂದ ಮೊಹಮ್ಮದ್‌ರೆಜಾ ಶಾದ್ಲೂಯಿ ಎಡಮೂಲೆಯಲ್ಲಿ ನಿಂತು, ಆ ವರ್ಷ ಅತಿ ಹೆಚ್ಚು ಹಿಡಿತದ ಅಂಕ ಗಳಿಸಿದರು. 2023-24ರಲ್ಲಿ ದಬಾಂಗ್ ದೆಲ್ಲಿ ಹೊಸ ಹುಡುಗ ಯೋಗೇಶ್ ದಹಿಯಾರನ್ನು ಬಲಮೂಲೆಗೆ ನಿಲ್ಲಿಸಿತು. ಆ ಆವೃತ್ತಿಯ ಅತ್ಯುತ್ತಮ ಹೊಸ ಆಟಗಾರ ಅವರೇ ಆದರು. ಅದೇ ಆವೃತ್ತಿಯನ್ನು ಗೆದ್ದ ಪುಣೇರಿ ಪಲ್ಟನ್ ಎಳೆಯರ ತಂಡ. ಅದರ ಕೋಚ್ ಕನ್ನಡಿಗ ಬಿ.ಸಿ. ರಮೇಶ್.

ಗಮನಿಸಬೇಕಾದದ್ದು ಇನ್ನೂ ಒಂದಿದೆ. ಆ ಎಳೆಯರ ತಂಡದ ಮೂಲೆಯಲ್ಲಿದ್ದ ಶಾದ್ಲೂಯಿ ಅಷ್ಟು ಹೊತ್ತಿಗೆ ಪಳಗಿದ್ದರು. ವಯಸ್ಸು ಕಡಿಮೆ ಎಂದಮಾತ್ರಕ್ಕೆ ಅನುಭವ ಕಡಿಮೆ ಎಂದಲ್ಲ. ವಯಸ್ಸನ್ನೂ ಅನುಭವವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಈ ಚರ್ಚೆ ಪ್ರತಿ ಸಲ ದಾರಿ ತಪ್ಪುತ್ತದೆ.

ಬೆಂಗಳೂರಿನ ಉದಾಹರಣೆ ಹೆಚ್ಚು ಪಾಠ ಕಲಿಸುತ್ತದೆ. 2024ರಲ್ಲಿ ಪರ್ದೀಪ್ ನರ್ವಾಲ್ ಅವರಂಥ ದೊಡ್ಡ ಹೆಸರಿದ್ದೂ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಮರುವರ್ಷ ರಮೇಶ್ ಕೋಚ್ ಆಗಿ ಬಂದರು. ಬಲಮೂಲೆಗೆ ಯೋಗೇಶ್, ಎಡಮೂಲೆಗೆ ಲೀಗಿಗೇ ಹೊಸಬರಾದ ದೀಪಕ್ ಶಂಕರ್. ಮೊದಲ ಮೂರು ಪಂದ್ಯ ಸೋತರೂ ತಂಡ ಪ್ಲೇ-ಆಫ್ ತಲುಪಿತು. ಸೋಲಿನ ಗಾಬರಿಯಲ್ಲಿ ಹೊಸಬನನ್ನು ಬೆಂಚಿಗೆ ಕಳಿಸಿದ್ದರೆ ಆ ಜೋಡಿ ಕುದುರುತ್ತಲೇ ಇರಲಿಲ್ಲ.

ಆದ್ದರಿಂದ ಹೊಸಬನನ್ನು ಆಡಿಸಬೇಕು, ಆದರೆ ಮೂರು ಷರತ್ತಿನ ಮೇಲೆ. ಮೊದಲನೆಯದು, ಎರಡೂ ಮೂಲೆ ಹೊಸಬರ ಕೈಗೆ ಬೇಡ. ಒಂದು ಮೂಲೆಯಲ್ಲೋ ಪಕ್ಕದ ಕವರ್‌ನಲ್ಲೋ ‘ತಡಿ, ಈಗ ಬೇಡ’ ಎನ್ನುವ ದನಿಯೊಂದಿರಲಿ. ಎರಡನೆಯದು, ಅವನನ್ನು ಅಭ್ಯಾಸದಲ್ಲಿ ಅಳೆಯುವಾಗ ಎಷ್ಟು ಹಿಡಿದ ಎನ್ನುವುದರ ಜೊತೆಗೆ ಎಷ್ಟು ಸಲ ಹಾರದೆ ಉಳಿದ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಮೂರನೆಯದು, ಆಡಿಸಲು ನಿರ್ಧರಿಸಿದ ಮೇಲೆ ಐದಾರು ಪಂದ್ಯವಾದರೂ ಕೊಡಲಿ. ಒಂದು ತಪ್ಪಿಗೆ ಹೊರಹೋಗುವೆನೆಂದು ತಿಳಿದವನು ತಪ್ಪನ್ನು ಮುಚ್ಚಲು ಇನ್ನಷ್ಟು ಆತುರ ಪಡುತ್ತಾನೆ. ಅವನು ಕಾಯಬೇಕಾದರೆ ಮೊದಲು ಕೋಚ್ ಕಾಯಬೇಕು.

ಇದರಿಂದ ಅನುಭವಿಗೆ ಅನ್ಯಾಯವಾಗುವುದಿಲ್ಲವೇ? ಆಗಬಹುದು. ಕಬಡ್ಡಿಯವನ ಮೊಣಕಾಲು, ಭುಜಗಳಿಗೆ ಆಯುಸ್ಸು ಕಡಿಮೆ. ಬೆಂಚಿನಲ್ಲಿ ಕಳೆದ ವರ್ಷ ಮರಳಿ ಬಾರದು. ಆದರೆ ಕಬಡ್ಡಿಯಲ್ಲಿ ಬದಲಿ ಆಟಗಾರರನ್ನು ಇಳಿಸಲು ಅವಕಾಶವಿದೆ. ನಲವತ್ತು ನಿಮಿಷದ ಆಟದಲ್ಲಿ ಮೊದಲರ್ಧ ಹೊಸಬನಿಗಿರಲಿ. ಎರಡು ಅಂಕದ ಮುನ್ನಡೆ ಕಾಯಬೇಕಾದ ಕೊನೆಯ ಐದು ನಿಮಿಷ ಹಳಬನಿಗಿರಲಿ. ಫಜಲ್‌ನಂಥವರ ಬೆಲೆ ತಿಳಿಯುವುದೂ ಆಗಲೇ. ನಾಕೌಟ್ ಪಂದ್ಯವಾದರೆ ಮೊದಲಿನಿಂದಲೇ ಹಳಬನಿರಲಿ. ಲೀಗಿನ ಆರಂಭದ ಸೋಲನ್ನು ತುಂಬಿಕೊಳ್ಳಬಹುದು, ನಾಕೌಟಿನದನ್ನು ಆಗದು.

ಸಂಭಾಜಿನಗರದ ಹದಿನೆಂಟರ ಹುಡುಗನೊಬ್ಬ ಇವತ್ತು ಯಾವುದಾದರೂ ಅಕಾಡೆಮಿಯ ಮ್ಯಾಟಿನ ಮೇಲೆ ನಿಂತು ಕೋಚ್‌ನತ್ತ ನೋಡುತ್ತಿರಬಹುದು. ಅವನಿಗೆ ಬೇಕಿರುವುದು ಅನುಭವ. ಆ ಅನುಭವ ಮೂಲೆಯಲ್ಲಿ ನಿಲ್ಲದೆ ಬರುವುದಿಲ್ಲ. ಫಜಲ್‌ನನ್ನೂ ಒಂದು ದಿನ ಯಾರೋ ಮೊದಲ ಸಲ ಅಲ್ಲಿ ನಿಲ್ಲಿಸಿದ್ದರು.