ಕೂಸಿನ ಹಾಲು ಯಾರ ಕೃಪೆಯೂ ಅಲ್ಲ



ವರದಕ್ಷಿಣೆ ಬಾಕಿ ಇದೆ ಎಂದು ಸೊಸೆಯನ್ನು ಹೊರಗೆ ಹಾಕುವವರು ಎಷ್ಟೋ ಸಲ ಹಾಲು ಕುಡಿಯುವ ಕೂಸನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಎದೆ ಬಿಗಿದು, ಕರುಳು ತಾಳದೆ ಅವಳೇ ಬರುತ್ತಾಳೆ, ತವರಿನವರು ಸಾಲ ಮಾಡಿಯಾದರೂ ಹಣ ತರುತ್ತಾರೆ ಎಂಬ ಲೆಕ್ಕ ಅವರದು. ಊರವರು ಗಂಡ-ಹೆಂಡಿರ ಜಗಳವೆಂದು ಸುಮ್ಮನಾಗುತ್ತಾರೆ. ಹೊಡೆತದಷ್ಟೇ ಇದೂ ದೌರ್ಜನ್ಯ ಎಂದು ನಾನು ಹೇಳುತ್ತೇನೆ.

ಈ ವಿಷಯದಲ್ಲಿ ನಮ್ಮ ರಾಜ್ಯದ ಹೈಕೋರ್ಟಿನ ಮಾತು ನಮಗೆ ಗೊತ್ತಿರಬೇಕು. 2020ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಕದ್ದೊಯ್ದಿದ್ದ ಕೂಸೊಂದು ಬೇರೊಬ್ಬ ತಾಯಿಯ ಮಡಿಲಲ್ಲಿ ಬೆಳೆಯುತ್ತಿತ್ತು. ಹೆತ್ತವಳಿಗೆ ಈಗಾಗಲೇ ಎರಡು ಮಕ್ಕಳಿವೆ, ಇದು ಸಾಕಿದವಳಿಗೇ ಇರಲಿ ಎಂಬ ವಾದವೂ ಬಂತು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಅದನ್ನು ಒಪ್ಪಲಿಲ್ಲ. ಎದೆಹಾಲುಣಿಸುವುದು ತಾಯಿಯ ಹಕ್ಕು, ಕುಡಿಯುವುದು ಕೂಸಿನ ಹಕ್ಕು, ಸಂವಿಧಾನದ 21ನೇ ವಿಧಿ ಇದನ್ನು ಕಾಯುತ್ತದೆ ಎಂದರು.

ಕೂಸನ್ನು ಕಸಿದುಕೊಂಡರೆ ಕೈಕಟ್ಟಿ ಕೂರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಿಸಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ದೂರು ಕೊಡಿ. 181ಕ್ಕೆ ಫೋನ್ ಮಾಡಿ.

ಮನೆಯ ಹೊರಗೂ ಈ ಹಕ್ಕು ನಮ್ಮ ಜೊತೆ ಬರುತ್ತದೆ. ಬಸ್ ನಿಲ್ದಾಣದಲ್ಲಿ, ಕೆಲಸದ ಜಾಗದಲ್ಲಿ ಹಾಲುಣಿಸುವವಳನ್ನು ಕೀಳಾಗಿ ಕಾಣಬಾರದೆಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಹೇಳಿತು. ಆ ಪೀಠದಲ್ಲಿ ನಮ್ಮ ನಾಡಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತ್ತು. 2025ರ ನವೆಂಬರಿನಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. 50 ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು.

ಆದರೆ ಕರಜಗಿ ಸುತ್ತಿನ ತೊಗರಿ, ಕಬ್ಬಿನ ಹೊಲಗಳಲ್ಲಿ ದಿನಗೂಲಿ ಮಾಡುವವಳಿಗೆ ಯಾವ ಹಾಜರಿ ಪುಸ್ತಕವಿದೆ? ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸು ಅಳುತ್ತದೆ. ಸಾಲು ಬಿಟ್ಟು ಎದ್ದರೆ ಕೂಲಿ ಕಡಿತದ ಭಯ. ಕಾನೂನು ಮುಟ್ಟದ ಈ ಜಾಗವನ್ನು ಸಂಘವೇ ಮುಟ್ಟಬೇಕು.

ಕೂಲಿ ಮಾತಾಡುವಾಗಲೇ ಹಾಲಿನ ಬಿಡುವನ್ನೂ ಮಾತಾಡೋಣ. ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ' ನಮ್ಮ ಪಂಚಾಯಿತಿಗೆ ಬಂದಿದೆಯೇ, ಬಾಗಿಲು ತೆರೆದಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಎರಡು ಠರಾವು ಬರೆಯಿರಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ.