ನವಿರಿನ ಮೇಲೆ ಬ್ಲೇಡು

ಕನ್ನಡದಲ್ಲಿ ನವಿರು ಎಂದೊಂದು ಮಾತಿದೆ. ಅದಕ್ಕೆ ಮೈಮೇಲಿನ ಕೂದಲು ಎಂದೂ ಅರ್ಥ, ಕೋಮಲವಾದದ್ದು ಎಂದೂ ಅರ್ಥ. ಮೈ ಜುಮ್ಮೆಂದಾಗ ನವಿರೆದ್ದಿತು ಎನ್ನುತ್ತಿದ್ದರು ನಮ್ಮ ಹಿರಿಯರು. ಒಬ್ಬರ ಮಾತು ನವಿರಾಗಿದೆ ಎಂದರೆ ಇವತ್ತಿಗೂ ಅದು ಹೊಗಳಿಕೆಯೇ. ಆದರೆ ಅದೇ ನವಿರು ಹೆಣ್ಣಿನ ಕೆನ್ನೆಯ ಮೇಲಿದ್ದರೆ ಈಗ ಅದು ಕೊಳೆ. ಅದಕ್ಕೆ ಪೀಚ್ ಫಝ್ ಎಂಬ ಹೆಸರು ಬಂದಿದೆ. ಪೀಚ್ ಹಣ್ಣನ್ನು ಕಣ್ಣಲ್ಲೂ ಕಾಣದ ಊರಿನ ಹುಡುಗಿಯರಿಗೆ ತಮ್ಮ ಮುಖದಲ್ಲಿ ಆ ಹಣ್ಣಿನ ಸಿಪ್ಪೆ ಇದೆ ಎಂದು ಹೇಳಿಕೊಡಲಾಗುತ್ತಿದೆ. ಅದನ್ನು ಬ್ಲೇಡಿನಿಂದ ಹೆರೆಯುವ ಕೆಲಸಕ್ಕೆ ಡರ್ಮಾಪ್ಲೇನಿಂಗ್ ಎನ್ನುತ್ತಾರೆ. ಬೆಂಗಳೂರಿನ ಚರ್ಮದ ಕ್ಲಿನಿಕ್ಕುಗಳಿಂದ ಹೊರಟ ಈ ಪದ ಈಗ ತಾಲೂಕು ಕೇಂದ್ರದ ಬ್ಯೂಟಿ ಪಾರ್ಲರಿನ ದರಪಟ್ಟಿಯವರೆಗೂ ಬಂದು ಕೂತಿದೆ.

ಈ ಡರ್ಮಾಪ್ಲೇನಿಂಗ್ ಅಂದರೆ ಏನು? ಶಸ್ತ್ರಚಿಕಿತ್ಸೆಗೆ ಬಳಸುವಂಥ ಹರಿತವಾದ ಅಲಗನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು, ಮೇಲಿನ ಸತ್ತ ಪದರವನ್ನೂ ಅದರ ಜತೆ ಎಳೆರೋಮವನ್ನೂ ಹೆರೆದು ತೆಗೆಯುವುದು. ಇಷ್ಟೇ. ಈ ಸತ್ತ ಪದರ ಯಾರೂ ಮುಟ್ಟದಿದ್ದರೂ ಉದುರುತ್ತದೆ. ಸುಮಾರು ನಾಲ್ಕು ವಾರಕ್ಕೊಮ್ಮೆ ನಮ್ಮ ಚರ್ಮ ತನ್ನನ್ನು ತಾನೇ ಹೊಸದಾಗಿಸಿಕೊಳ್ಳುತ್ತದೆ. ತಾನಾಗಿ ಉದುರುವುದನ್ನು ಕಾಸು ಕೊಟ್ಟು ಉದುರಿಸಿಕೊಳ್ಳುವುದು, ಮುಂದಿನ ತಿಂಗಳು ಮತ್ತೆ ಹೋಗಿ ಕೂರುವುದು: ವ್ಯಾಪಾರ ನಿಂತಿರುವುದು ಇದರ ಮೇಲೆ.

ಅಜ್ಜಿಯಂದಿರು ಹೆದರುವ ಹಾಗೆ ಬ್ಲೇಡು ತಾಗಿದ ಮಾತ್ರಕ್ಕೆ ಕೂದಲು ದಪ್ಪಗಾಗಿ ಬೆಳೆಯುವುದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಸುಳ್ಳು ಹೇಳಿ ಹೆದರಿಸುವ ಅಗತ್ಯ ನಮಗಿಲ್ಲ. ನಮ್ಮ ತಕರಾರು ಬೇರೆ. ಮೊಡವೆ ಎದ್ದ ಮುಖದ ಮೇಲೆ, ತುಟಿಯ ಸುತ್ತ ಹರ್ಪಿಸ್ ಗುಳ್ಳೆ ಇದ್ದಾಗ ಈ ಅಲಗು ಆಡಿಸಬಾರದು. ನಮ್ಮಂಥ ಕಂದು, ಕಪ್ಪು ಚರ್ಮದ ಮೇಲೆ ಸಣ್ಣ ಗಾಯವಾದರೂ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರ ಮುಖ ಮುಟ್ಟಿದರೆ ಹೆಪಟೈಟಿಸ್ ಬಿ, ಸಿಯಂಥ ರೋಗಗಳಿಗೆ ದಾರಿ. ಹದಿಹರೆಯದ ಹುಡುಗಿಗೆ ಇದ್ದಕ್ಕಿದ್ದಂತೆ ಗದ್ದದಲ್ಲಿ ಒರಟು ಕೂದಲು ಮೂಡಿ, ಮುಟ್ಟೂ ಏರುಪೇರಾಗಿದ್ದರೆ ಅದು ಪಿಸಿಓಎಸ್‌ನಂಥ ಹಾರ್ಮೋನು ತೊಂದರೆಯ ಸೂಚನೆ ಇರಬಹುದು. ಅವಳು ಹೋಗಬೇಕಾದದ್ದು ವೈದ್ಯರ ಬಳಿಗೆ. ಪಾರ್ಲರಿನ ಬ್ಲೇಡು ಅವಳ ಕೂದಲನ್ನು ತೆಗೆಯುತ್ತದೆ, ರೋಗವನ್ನು ಮುಚ್ಚಿಡುತ್ತದೆ. ಇದನ್ನು ಯಾವ ದರಪಟ್ಟಿಯಲ್ಲಿ ಬರೆದಿದ್ದಾರೆ?

ಬೇಡದ ಕೂದಲು ಎಂಬುದು ಈ ವ್ಯಾಪಾರದ ಮೂಲಮಂತ್ರ. ಬೇಡದ್ದು ಯಾರಿಗೆ? ಜಿಲೆಟ್ ಕಂಪನಿ ಹೆಂಗಸರಿಗೆಂದೇ ಮೊದಲ ರೇಜರನ್ನು ಮಾರಾಟಕ್ಕಿಟ್ಟದ್ದು 1915ರಲ್ಲಿ. ಗಂಡಸರ ಗಡ್ಡದ ಜತೆಗೆ ಹೆಂಗಸರ ಕಂಕುಳೂ ಮಾರುಕಟ್ಟೆಯಾದದ್ದು ಆಗ. 1920ರ ದಶಕದಲ್ಲಿ ಅದೇ ಅಮೆರಿಕದಲ್ಲಿ ಟ್ರೈಕೋ ಎಂಬ ಯಂತ್ರ ಬಂತು. ನೋವಿಲ್ಲದೆ ಮುಖದ ಕೂದಲು ಹೋಗುತ್ತದೆ ಎಂದು ಸೌಂದರ್ಯ ಮಳಿಗೆಗಳಲ್ಲಿ ಹೆಂಗಸರ ಕೆನ್ನೆಗೆ ಎಕ್ಸ್-ರೇ ಬಿಟ್ಟರು. ಕೂದಲೇನೋ ಹೋಯಿತು. ಕೆಲವು ವರ್ಷಗಳ ಮೇಲೆ ಚರ್ಮ ಸುಕ್ಕುಗಟ್ಟಿ, ಹುಣ್ಣಾಗಿ, ಹಲವರಿಗೆ ಕ್ಯಾನ್ಸರ್ ಬಂತು. ಅದರ ಬೆನ್ನಿಗೇ ಕೊರೆಮ್ಲು ಎಂಬ ಕ್ರೀಮು ಬಂತು. ಅದರಲ್ಲಿದ್ದದ್ದು ಇಲಿ ಕೊಲ್ಲಲು ಬಳಸುವ ಥ್ಯಾಲಿಯಂ ವಿಷ. ಹಚ್ಚಿಕೊಂಡವರಲ್ಲಿ ಕೆಲವರಿಗೆ ಕೈಕಾಲು ಬಿದ್ದುಹೋಯಿತು, ಕೆಲವರ ದೃಷ್ಟಿ ಹೋಯಿತು. ಸೌಂದರ್ಯ ಸಾಮಗ್ರಿಗಳನ್ನು ಅಮೆರಿಕ ತನ್ನ ಕೇಂದ್ರ ಕಾನೂನಿನ ಅಡಿ ತಂದದ್ದು ಇಂಥವೆಲ್ಲ ಆದ ಮೇಲೆ, 1938ರಲ್ಲಿ. ಬ್ಲೇಡು ಎಕ್ಸ್-ರೇಯಷ್ಟು ಕ್ರೂರವಲ್ಲ, ನಿಜ. ಆದರೆ ಹೆಣ್ಣಿಗೆ ಮೊದಲು ನಾಚಿಕೆಯನ್ನು ಮಾರಿ, ಆಮೇಲೆ ಅದಕ್ಕೆ ಮದ್ದು ಮಾರುವ ಕ್ರಮ ನೂರು ವರ್ಷಗಳಿಂದ ಬದಲಾಗಿಲ್ಲ.

ನಾಚಿಕೆಯ ಮಾರಾಟ ಎಲ್ಲಿಗೆ ಮುಟ್ಟಿದೆ ಎಂಬುದನ್ನು 2024ರ ಏಪ್ರಿಲ್‌ನಲ್ಲಿ ದೇಶವೇ ನೋಡಿತು. ಉತ್ತರ ಪ್ರದೇಶದ ಹತ್ತನೇ ತರಗತಿ ಪರೀಕ್ಷೆಯಲ್ಲಿ ಸೀತಾಪುರದ ಹುಡುಗಿಯೊಬ್ಬಳು 600ಕ್ಕೆ 591 ಅಂಕ ಪಡೆದು ಇಡೀ ರಾಜ್ಯಕ್ಕೆ ಮೊದಲಿಗಳಾದಳು. ಅವಳ ಫೋಟೋ ಪ್ರಕಟವಾದದ್ದೇ ತಡ, ಜನ ಅಂಕವನ್ನು ಬಿಟ್ಟು ಅವಳ ಮೀಸೆಯನ್ನು ಎಣಿಸಿದರು. ಒಂದೆರಡು ಅಂಕ ಕಡಿಮೆ ಬಂದು ತಾನು ಯಾರ ಕಣ್ಣಿಗೂ ಬೀಳದೆ ಇದ್ದಿದ್ದರೇ ಚೆನ್ನಾಗಿತ್ತು ಎಂಬರ್ಥದ ಮಾತು ಆ ಮಗುವಿನ ಬಾಯಲ್ಲಿ ಬಂತು. ಕ್ಷೌರದ ಸಾಮಾನು ಮಾರುವ ಕಂಪನಿಯೊಂದು ಅವಳನ್ನು ಸಮಾಧಾನ ಮಾಡುವ ನೆಪದಲ್ಲಿ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಕೊಟ್ಟಿತು. ಕೆಳಗೆ ತನ್ನ ರೇಜರಿನ ಮಾತನ್ನೂ ಸೇರಿಸಿತು. ಗಾಯದ ಮೇಲೆ ಅಂಗಡಿಯ ಬೋರ್ಡು ನೆಡುವುದಕ್ಕೂ ಒಂದು ಮಿತಿ ಬೇಡವೇ?

ಇದು ಬರೀ ಮಾರುಕಟ್ಟೆಯ ಪಾಪ ಎಂದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. 2017ರ ಅಕ್ಟೋಬರ್‌ನಲ್ಲಿ ದೇವಬಂದಿನಿಂದ ಫತ್ವಾ ಬಂತು: ಮುಸ್ಲಿಂ ಹೆಣ್ಣುಮಕ್ಕಳು ಹುಬ್ಬು ತೀಡಿಸಬಾರದು, ತಲೆಗೂದಲು ಕತ್ತರಿಸಬಾರದು. ಹುಬ್ಬಿನ ಬಗ್ಗೆ ಹದೀಸ್ ಇದೆ, ಸರಿ. ಆದರೆ ಹೆಣ್ಣಿನ ಮುಖದಲ್ಲಿ ಗಡ್ಡಮೀಸೆ ಮೂಡಿದರೆ ಅದನ್ನು ತೆಗೆಯಬಹುದು ಎಂದು ಹೇಳಿದ ಇಮಾಂ ನವವಿಯಂಥ ವಿದ್ವಾಂಸರೂ ಇದೇ ಪರಂಪರೆಯಲ್ಲಿದ್ದಾರೆ. ಇರಾನಿನಲ್ಲಿ ಮದುವೆಗೆ ಮುಂಚೆ ಹೆಂಗಸರೆಲ್ಲ ಸೇರಿ ವಧುವಿನ ಮುಖಕ್ಕೆ ದಾರ ಎಳೆಯುವುದು ಒಂದು ಸಂಭ್ರಮವೇ ಆಗಿತ್ತು. ಇಷ್ಟೊಂದು ಅಭಿಪ್ರಾಯಗಳಿಗೆ ಜಾಗವಿದ್ದ ಕಡೆ ಒಂದೇ ಸಾಲಿನ ನಿಷೇಧ ಯಾಕೆ? ಇತ್ತ 2022ರ ಫೆಬ್ರವರಿಯಲ್ಲಿ ನಮ್ಮದೇ ಸರ್ಕಾರ ಸಮವಸ್ತ್ರದ ಹೆಸರಲ್ಲಿ ಆದೇಶ ಹೊರಡಿಸಿ ಹುಡುಗಿಯರ ತಲೆಯ ಮೇಲಿನ ಬಟ್ಟೆಗೆ ಕೈ ಹಾಕಿತು. ಒಬ್ಬ ತೆಗೆ ಎನ್ನುತ್ತಾನೆ, ಒಬ್ಬ ಮುಟ್ಟಬೇಡ ಎನ್ನುತ್ತಾನೆ, ಇನ್ನೊಬ್ಬ ಹೆರೆಸಿಕೋ ಎನ್ನುತ್ತಾನೆ. ನಿನಗೇನು ಬೇಕಮ್ಮಾ ಎಂದು ಅವಳನ್ನು ಕೇಳಿದವರು ಯಾರು?

ನಮ್ಮ ಮದುವೆಗಳ ವಿಷಯಕ್ಕೆ ಬನ್ನಿ. ಗಂಡು ಹೆಣ್ಣಿಗೆ ಮಹರ್ ಕೊಡಬೇಕೆಂಬುದು ನಮ್ಮ ಧರ್ಮದ ಕಟ್ಟಳೆ. ನಾವು ಅದನ್ನು ಕಾಟಾಚಾರದ ಮೊತ್ತಕ್ಕೆ ಇಳಿಸಿ, ವರದಕ್ಷಿಣೆಯನ್ನು ಹೆಣ್ಣಿನ ಅಪ್ಪನ ತಲೆಗೆ ಕಟ್ಟಿದೆವು. ಈಗ ಅದರ ಮೇಲೆ ಮದುವೆಯ ಪ್ಯಾಕೇಜ್ ಬೇರೆ: ಫೇಶಿಯಲ್, ಬ್ಲೀಚು, ಡರ್ಮಾಪ್ಲೇನಿಂಗ್. ಸೌದಿಯಲ್ಲಿ ದುಡಿದ ಅಣ್ಣ ಕಳಿಸಿದ ಹಣ ತಂಗಿಯ ಕೆನ್ನೆಯ ಎಳೆರೋಮ ಹೆರೆಯಲು ಹೋಗುತ್ತದೆ. ಹೆಣ್ಣು ನೋಡಲು ಬರುವವರು ಬೆಳಕಿಗೆ ಮುಖ ತಿರುಗಿಸಿ ಪರೀಕ್ಷಿಸುವುದನ್ನು ಬಿಡುವವರೆಗೆ ಈ ಖರ್ಚು ನಿಲ್ಲುವುದಿಲ್ಲ.

ಇನ್ನೊಂದು ವಿಪರ್ಯಾಸ ನೋಡಿ. ಕ್ಲಿನಿಕ್ಕಿನ ಬೆಳ್ಳಗಿನ ಕೋಟು ತೊಟ್ಟವರು ಮುಖದ ಮೇಲೆ ಅಲಗು ಆಡಿಸಿದರೆ ಅದು ಸಾವಿರಾರು ರೂಪಾಯಿಯ ವಿಜ್ಞಾನ. ಬೀದಿಯ ಮೂಲೆಯ ಕ್ಷೌರಿಕ ತಲೆತಲಾಂತರದಿಂದ ಅದನ್ನೇ ಮಾಡಿದರೆ ಅವನ ಕಸುಬಿನ ಹೆಸರೇ ಬೈಗುಳ. ಹಜಾಮ ಎಂಬ ಮಾತು ಅರಬ್ಬಿಯ ಹಜ್ಜಾಮ್‌ನಿಂದ ಬಂದದ್ದು. ಕೆಟ್ಟ ರಕ್ತ ತೆಗೆದು ಜನರ ನೋವು ಇಳಿಸುತ್ತಿದ್ದವನಿಗೆ ಇದ್ದ ಹೆಸರು ಅದು. ಹಿಂದೂಗಳ ಜಾತಿಯನ್ನು ಟೀಕಿಸುವ ನಾವು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು. ಕೇರಳದ ಮಾಪಿಳ್ಳೆಗಳಲ್ಲಿ ಕ್ಷೌರಿಕರಾದ ಒಸ್ಸಾನ್‌ಗಳ ಜತೆ ಉಳಿದವರು ಹೆಣ್ಣು ಕೊಟ್ಟು ತರುತ್ತಿರಲಿಲ್ಲ. ಗಡಿಯ ಈಚೆಗೂ ಹಜಾಮರ ಮನೆಯ ಸಂಬಂಧ ಎಂದರೆ ಮೂಗು ಮುರಿಯುವವರು ಕಡಿಮೆಯಿಲ್ಲ. ಮಸೀದಿಯ ಸಾಲಿನಲ್ಲಿ ಹೆಗಲಿಗೆ ಹೆಗಲು, ಮದುವೆಯ ಮಾತಿನಲ್ಲಿ ಮಾತ್ರ ದೂರ. ಅಲಗು ಒಂದೇ. ಅದನ್ನು ಹಿಡಿದ ಕೈ ಯಾರದೆಂದು ನೋಡಿ ಬೆಲೆ ಕಟ್ಟುವುದನ್ನು ಜಾತಿ ಎನ್ನದೆ ಇನ್ನೇನೆನ್ನಬೇಕು?

ಇದು ಅವಳವಳ ಆಯ್ಕೆ, ನೀವು ಯಾರು ಕೇಳಲು ಎನ್ನುವವರಿದ್ದಾರೆ. ಆಯ್ಕೆ ಎಂಬ ಮಾತನ್ನು ನಾವು ಗೌರವಿಸುತ್ತೇವೆ. ಆದರೆ ಕೂದಲು ಇಟ್ಟುಕೊಂಡವಳನ್ನು ಗೇಲಿ ಮಾಡದ ಊರಿನಲ್ಲಿ ಮಾತ್ರ ತೆಗೆಸಿಕೊಳ್ಳುವುದು ಆಯ್ಕೆ. ಗೇಲಿಗೆ ಹೆದರಿ ತೆಗೆಸಿಕೊಂಡರೆ ಅದು ದಂಡ ಕಟ್ಟಿದಂತೆ. ಪಾರ್ಲರ್ ನಡೆಸಿ ಸಂಸಾರ ತೂಗಿಸುವ ಹೆಣ್ಣುಮಕ್ಕಳ ಹೊಟ್ಟೆಯ ಮೇಲೆ ಹೊಡೆಯುವುದೂ ನಮ್ಮ ಉದ್ದೇಶವಲ್ಲ. ಗಂಡ ಬಿಟ್ಟವಳಿಗೆ, ವಿಧವೆಗೆ ಒಂದು ಕುರ್ಚಿ ಮತ್ತು ಒಂದು ಕನ್ನಡಿ ಅನ್ನ ಕೊಟ್ಟಿದೆ ಎಂಬುದು ನಮಗೆ ಗೊತ್ತು. ಅವರಿಗೆ ತರಬೇತಿ ಸಿಗಲಿ, ಗೌರವ ಸಿಗಲಿ.

ಆದ್ದರಿಂದ ನಮ್ಮ ಒತ್ತಾಯಗಳು ದೊಡ್ಡವೇನಲ್ಲ. ಬ್ಲೇಡನ್ನು ಗಿರಾಕಿಯ ಕಣ್ಣೆದುರೇ ಪೊಟ್ಟಣದಿಂದ ತೆಗೆಯಬೇಕು, ಒಂದು ಮುಖಕ್ಕೆ ಬಳಸಿದ್ದನ್ನು ಅಲ್ಲಿಗೇ ಎಸೆಯಬೇಕು. ಯಾರು ಮಾಡಿಸಿಕೊಳ್ಳಬಾರದು ಎಂಬುದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ನಮ್ಮ ಕಾನೂನು ಕ್ರೀಮಿನ ಡಬ್ಬಿಯನ್ನು ಪರೀಕ್ಷಿಸುತ್ತದೆ. ಮುಖದ ಮೇಲೆ ಅಲಗು ಹಿಡಿಯುವ ಕೈಗೆ ತರಬೇತಿ ಇದೆಯೇ ಎಂಬುದನ್ನೂ ಕೇಳಬೇಕು. ಶಾಲೆಯ ಮೇಷ್ಟ್ರುಗಳು ಹುಡುಗಿಯ ಮೀಸೆಯನ್ನು ಗೇಲಿ ಮಾಡುವ ಹುಡುಗರನ್ನು ಅಲ್ಲೇ ತಡೆಯಬೇಕು. ಶುಕ್ರವಾರದ ಪ್ರವಚನಗಳಲ್ಲಿ ಹುಬ್ಬಿನ ಬಗ್ಗೆ ಮಾತಾಡುವ ಮೌಲಾನಾಗಳು ಹೆಣ್ಣಿನ ಮುಖ ನೋಡಿ ಬೆಲೆ ಕಟ್ಟುವ ಗಂಡಿನ ಕಡೆಯವರ ಬಗ್ಗೆಯೂ ಒಂದು ಮಾತು ಆಡಬೇಕು.

ಮನುಷ್ಯನನ್ನು ದೇವರು ಸುಂದರವಾಗಿಯೇ ರೂಪಿಸಿದ್ದಾನೆಂದು ನಂಬುವವರು ನಾವು. ಆ ನಂಬಿಕೆ ನಮ್ಮ ಹೆಣ್ಣುಮಕ್ಕಳ ಕೆನ್ನೆಗೂ ಅನ್ವಯಿಸುತ್ತದೆ.