‘ಹುರ್ರೇ’ ಎಂಬ ಕೂಗು, ‘ಉಘೇ’ ಎಂಬ ಘೋಷ

ಶಾಲೆಯ ವಾರ್ಷಿಕೋತ್ಸವವಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ಕ್ರಿಕೆಟ್ ಪಂದ್ಯದ ಗೆಲುವಿರಲಿ, ‘ಹಿಪ್ ಹಿಪ್ ಹುರ್ರೇ’ ಎಂಬ ಕೂಗು ಇಂದು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ಮಕ್ಕಳ ನಾಲಿಗೆಯ ಮೇಲೆ ನಲಿಯುವ ಈ ಮಾತಿನ ಅರ್ಥವೇನೆಂದು ವಿಚಾರಿಸುವುದು ಉಚಿತವೇ ಆಗಿದೆ.

‘ಹುರ್ರೇ’ ಎಂಬುದು ಉಲ್ಲಾಸದ ಉದ್ಗಾರ. ಅದಕ್ಕೆ ಬೇರೆ ಅರ್ಥವಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೂ ಮೊದಲು ‘ಹುಜ್ಜಾ’ ಎಂಬ ಕೂಗಿತ್ತು. ಅದನ್ನು ನಾವಿಕರ ಕೂಗೆಂದು ಹಿಂದಿನವರು ಬರೆದಿದ್ದಾರೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ‘ಹುರ್ರಾ’ ಎಂಬ ರೂಪ ಬಳಕೆಗೆ ಬಂದಿತು. ‘ಹಿಪ್ ಹಿಪ್’ ಎಂಬುದು 19ನೆಯ ಶತಮಾನದಲ್ಲಿ ಅದರೊಡನೆ ಸೇರಿತು. ಒಬ್ಬರು ‘ಹಿಪ್ ಹಿಪ್’ ಎಂದೊಡನೆ ನೆರೆದವರೆಲ್ಲರೂ ‘ಹುರ್ರೇ’ ಎನ್ನುವುದು, ಹೀಗೆ ಮೂರು ಸಲ ಕೂಗುವುದು ಅದರ ಪದ್ಧತಿ.

ಈ ಪದ್ಧತಿ ನಮಗೆ ಹೊಸದೇ? ಕಂಸಾಳೆ ಹಿಡಿದ ದೇವರಗುಡ್ಡರು ಏಳುಮಲೆಯ ಮಾದಪ್ಪನ ಕಥೆಯನ್ನು ಹಾಡುವಾಗ ಮುಮ್ಮೇಳದವರ ಮಾತಿಗೆ ಉಳಿದವರು ‘ಉಘೇ’ ಎಂದು ದನಿಗೂಡಿಸುತ್ತಾರೆ. ಮಲೆಯ ಮಹದೇಶ್ವರನ ಪರಿಷೆಗೆ ನಡೆದು ಹೋಗುವ ಭಕ್ತರ ದಾರಿಯ ಆಯಾಸವನ್ನು ನೀಗುವುದೂ ‘ಉಘೇ ಉಘೇ ಮಾದಪ್ಪ’ ಎಂಬ ಘೋಷವೇ. ಕಬಿನಿ ಹಿನ್ನೀರಿನ ದಡದಲ್ಲಿರುವ ಭೀಮನಕೊಲ್ಲಿಯ ಮಹದೇಶ್ವರನ ಸನ್ನಿಧಿಗೆ ಹೋದವರಿಗೂ ಈ ಘೋಷ ಪರಿಚಿತವಾದುದೇ. ನಮ್ಮ ಶರಣ ಸಾಹಿತ್ಯದಲ್ಲಿಯೂ ‘ಉಘೇ’ ಎಂಬ ಜಯಕಾರ ಉಂಟು. ಎರಡೂ ಹರ್ಷದ ಮಾತುಗಳೇ.

ಆದರೆ ಒಂದು ಭೇದವಿದೆ. ಗೆದ್ದವನು ತನ್ನ ಗೆಲುವಿಗೆ ತಾನೇ ‘ಹುರ್ರೇ’ ಎಂದುಕೊಳ್ಳಬಹುದು. ‘ಉಘೇ’ ಎಂದು ತನಗೆ ತಾನೇ ಯಾರೂ ಹೇಳಿಕೊಳ್ಳುವುದಿಲ್ಲ. ಅದು ಪರಶಿವನಿಗೋ ಪೂಜ್ಯರಿಗೋ ಅರ್ಪಿತವಾದ ಆನಂದ. ದೊರೆತುದನ್ನು ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕೆಂಬ ಶರಣಧರ್ಮದ ತತ್ತ್ವವು ಸಂತೋಷಕ್ಕೂ ಅನ್ವಯಿಸುತ್ತದೆಯಲ್ಲವೇ?

ಪರೀಕ್ಷೆಯ ಫಲಿತಾಂಶದ ದಿನ ತೇರ್ಗಡೆಯಾದ ಮಗು ಕುಣಿದಾಡುವುದು ಸಹಜ. ಆದರೆ ಪಕ್ಕದ ಮನೆಯಲ್ಲಿ ಅನುತ್ತೀರ್ಣವಾದ ಮಗುವೊಂದು ಕಣ್ಣೊರೆಸಿಕೊಳ್ಳುತ್ತಿರಬಹುದು. ಆ ಮಗುವಿನ ಕಿವಿಗೆ ನಮ್ಮ ಕೂಗು ಹೇಗೆ ಕೇಳಿಸೀತೆಂಬ ಎಚ್ಚರವನ್ನು ಕಲಿಸಬೇಕಾದವರು ತಂದೆತಾಯಿಗಳು.

‘ಹುರ್ರೇ’ ಎನ್ನಬೇಡಿರೆಂದು ನಾವು ಹೇಳುವುದಿಲ್ಲ. ಆಟದ ಬಯಲಿನಲ್ಲಿ ಅದು ಇರಲಿ. ಎದುರಾಳಿ ಚೆನ್ನಾಗಿ ಆಡಿದಾಗ ಅವನಿಗೂ ಸಲ್ಲಲಿ. ಆದರೆ ಜಾತ್ರೆಯಲ್ಲಿ ಅಜ್ಜ ‘ಉಘೇ’ ಎಂದಾಗ ಮೊಮ್ಮಗ ನಾಚಿ ಸುಮ್ಮನಿರುವಂತಾಗಬಾರದು. ಈ ಸಲ ಮಕ್ಕಳನ್ನು ಪರಿಷೆಗೆ ಕರೆದೊಯ್ಯಿರಿ. ಘೋಷದ ಅರ್ಥವನ್ನು ತಿಳಿಸಿ, ಜೊತೆಗೆ ನೀವೂ ದನಿಗೂಡಿಸಿರಿ.